ತೇವ ಕಳೆದು

ಸಿದ್ದಾಪುರದಲ್ಲಿ ನನ್ನ ಮೆಣಸಿನ ಅಂಗಡಿಯ ಹಿಂದೆ
ಖಾಲಿ ಗೋಣಿಗಳ ಅಟ್ಟಿಯೊಳಗಿಂದ
ತುಕ್ಕು ಹಿಡಿದ ತಿರುಗಣಿಯಂಥ ದನಿ.
ಲೋಡಿಂಗ್ ಹುಡುಗ ರಹಿಮುದ್ದೀನ್ ಬಗ್ಗಿ ನೋಡಿ
'ಮೇಕುರಿ' ಅಂದ, ಅವನ ಅಸ್ಸಾಮಿನ ಮಾತಲ್ಲಿ.
ನನ್ನ ಬಾಯಿಗೆ ಬಂದದ್ದು ಉಮ್ಮ ಹೇಳುತ್ತಿದ್ದ 'ಪೂಚ'.
ಎರಡೂ ಅದಕ್ಕೆ ಕೇಳಿಸಲಿಲ್ಲ:
ಕಣ್ಣು ಅಂಟಿತ್ತು, ಕಿವಿ ಮಡಚಿಕೊಂಡಿತ್ತು,
ಹೊಕ್ಕುಳಲ್ಲಿ ಒಣಗಿದ ದಾರದ ತುಂಡು.

ಎತ್ತಿಕೊಳ್ಳಲು ಹೋದವನನ್ನು ಫೋನಿನಲ್ಲೇ ಗದರಿದರು
ದನದಾಸ್ಪತ್ರೆಯಲ್ಲಿದ್ದು ರಿಟೈರಾದ ಚೋಂದಮ್ಮ:
"ಮುಟ್ಟಬೇಡ. ತಾಯಿ ಪುಚ್ಚೆ ಎಲ್ಲೋ ಕೂತು
ನೀನು ತೊಲಗಲಿ ಅಂತ ಕಾಯ್ತಾ ಇರಬಹುದು.
ಸುತ್ತ ಅಕ್ಕಿಹಿಟ್ಟು ಉದುರಿಸಿ ದೂರ ಹೋಗು.
ಹೆಜ್ಜೆ ಬಿದ್ದಿದ್ದರೆ, ಬಂದಿದ್ದಳು ಅಂತ."

ಶಟರ್ ಅರ್ಧ ಎಳೆದು ಕಾದೆವು.
ವಿರಾಜಪೇಟೆಯ ಕೊನೆಯ ಬಸ್ಸು ಹೋಯಿತು,
ಆನೆ ಕಾವಲಿನ ಜೀಪು ಹೋಯಿತು,
ಚಳಿ ಮಾತ್ರ ಬಂತು.
ಟಾರ್ಚು ಹಿಡಿದು ನೋಡಿದರೆ ಹಿಟ್ಟಿನ ಬಳೆ ಹಾಗೇ ಇತ್ತು,
ಒಂದು ಕಡೆ ಇರುವೆ ಸಾಲು ದಾಟಿತ್ತು.
ಇರುವೆ ಬಂದ ಮೇಲೆ ಕಾಯಬಾರದು
ಅಂತ ಚೋಂದಮ್ಮ ಹೇಳಿರಲಿಲ್ಲ. ನನಗೇ ಗೊತ್ತಾಯಿತು.

ಹಾಲು ಕಾಯಿಸಲು ಓಡಿದೆ. ಮತ್ತೆ ಬೈಗುಳ:
"ಹಸುವಿನ ಹಾಲು ಹಸುವಿನ ಕರುವಿಗೆ!
ಮೊದಲು ಬೆಚ್ಚಗೆ ಮಾಡು. ತಣ್ಣಗಿರುವ ಹೊಟ್ಟೆಗೆ
ಏನು ಹಾಕಿದರೂ ವಿಷ."
ಬಿಸಿನೀರಿನ ಬಾಟಲಿಗೆ ನನ್ನ ಹಳೆಯ ಲುಂಗಿ ಸುತ್ತಿ
ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಬಿಳಿಚಿದ್ದ ಅಂಗಾಲು
ಮೆಲ್ಲಗೆ ಅರೆಮಾಗಿದ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು.

ಚೋಂದಮ್ಮನ ಸೊಸೆ ಆ ರಾತ್ರಿಯೇ ಸ್ಕೂಟರಿನಲ್ಲಿ
ಅರ್ಧ ಡಬ್ಬಿ ಮರಿಪುಡಿ ತಂದುಕೊಟ್ಟಳು.
ಬೋರಲು ಮಲಗಿಸಿ, ಸಿರಿಂಜಿನ ತುದಿಯಿಂದ ಹನಿ, ಹನಿ.
ಎರಡು ಗಂಟೆಗೊಮ್ಮೆ. ಆಮೇಲೆ ಒದ್ದೆ ಹತ್ತಿಯಿಂದ
ಹಿಂದುಗಡೆ ಒರೆಸಬೇಕು, ತಾಯಿಯ ನಾಲಿಗೆಯ ಹಾಗೆ;
ಇಲ್ಲದಿದ್ದರೆ ಉಚ್ಚೆ ಹೊಯ್ಯುವುದೂ ಅದಕ್ಕೆ ಬಾರದು.
ಅರವತ್ತು ದಾಟಿದ ಕೈಗೆ ಈ ಕೆಲಸ!
ಹತ್ತಿ ಹಳದಿಯಾದಾಗ ರಹಿಮುದ್ದೀನ್ ಚಪ್ಪಾಳೆ ತಟ್ಟಿದ.

ಬೆಳಿಗ್ಗೆ ಮೆಣಸಿನ ಸ್ಯಾಂಪಲ್ ತೂಗುವ ತಟ್ಟೆಯಲ್ಲಿಟ್ಟೆ.
ಸೀನಿತು. ನೂರಾ ನಾಲ್ಕು ಗ್ರಾಂ, ಸೀನೂ ಸೇರಿ.
ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ.
ಮರುದಿನ ನೂರಾ ಒಂದು.
ನೂರಾ ಒಂದರ ರಾತ್ರಿ ನಾನು ಮಲಗಲಿಲ್ಲ.
ನೂರಾ ಎಂಟು.
ಮೂವತ್ತು ವರ್ಷ ಊರವರ ಮೆಣಸಲ್ಲಿ
ಗ್ರಾಂ ಗ್ರಾಂ ಕಳೆಯುತ್ತ ಬಂದವನು
ಉಸಿರು ಬಿಗಿಹಿಡಿದು ಅಂಕಿಯನ್ನು ಬೇಡಿದೆ:
ಏರು. ಇನ್ನೊಂದೇ ಒಂದು ಏರು.

ಬುಧವಾರ ಎರಡು ಮೂಟೆ ಮೆಣಸು ತಂದ
ಮಾಲ್ದಾರೆಯ ಚಂಗಪ್ಪ ಆ ಹಾಳೆ ಓದಿ ನಕ್ಕರು:
"ಇದಕ್ಕೆ ತೇವ ಕಳೆಯಲಿಲ್ಲವಾ, ಸಾಹುಕಾರರೇ?"
ಕಳೆದರೆ ಏನುಳಿದೀತು?
ಇರುವುದೆಲ್ಲ ತೇವವೇ: ಮೂಗು, ಹೊಟ್ಟೆ, ಆ ಕೂಗು.
ಅವರ ಮೆಣಸಿಗೆ ಅಂದೂ ನೂರಕ್ಕೆ ಎರಡು ಕಳೆದೆ.
ಸುಳ್ಳೇಕೆ, ಮೀಟರು ಹಾಗೇ ತೋರಿಸಿತ್ತು.

ಒಂಬತ್ತನೆಯ ದಿನ ಎಡಗಣ್ಣು ಬಿರಿಯಿತು,
ಅಂಗಿಯ ಗುಂಡಿತೂತಿನಷ್ಟು. ಒಳಗೆ ಮಸುಕು ನೀಲಿ.
ಯಾರನ್ನು ನೋಡಿತೋ.
ಬಲಗಣ್ಣು ಇನ್ನೂ ಯೋಚಿಸುತ್ತಿದೆ.

ರಹಿಮುದ್ದೀನ್ ಮಾತ್ರ ಈಗಲೂ
ರಾತ್ರಿ ಶಟರ್ ಎಳೆಯುವ ಮುಂಚೆ ಹಿಂದೆ ಹೋಗಿ
ಗೋಣಿಗಳ ಬಳಿ ಒಂದು ಹಿಡಿ ಹಿಟ್ಟು ಉದುರಿಸಿ ಬರುತ್ತಾನೆ.
ಯಾಕೋ ಎಂದರೆ
'ಇರಲಿ' ಅನ್ನುತ್ತಾನೆ, ಕನ್ನಡದಲ್ಲೇ.