ಪುಟ ಹದಿನಾಲ್ಕು, ಮೂರನೆಯ ಪದ

ಜೂನ್ ತಿಂಗಳ ಮಧ್ಯಾಹ್ನ ಮೂರಕ್ಕೆ
ಪ್ಲಾಸೆನ್ಸಿಯಾದಲ್ಲಿ ಬೀಗ ಕೆಟ್ಟರೂ ಯಾರೂ ಕರೆಯುವುದಿಲ್ಲ.
ಊರೆಲ್ಲ ಕಿಟಕಿ ಮುಚ್ಚಿ ನಿದ್ದೆ.
ಎಚ್ಚರವಿರುವುದು ಗಂಟೆಗೋಪುರದ ಕೊಕ್ಕರೆ,
ಆಮೇಲೆ ನಾನು, ಕಸಿಲ್ದಾ,
ಷಟರ್ ಅರ್ಧ ಇಳಿಸಿ,
ಹಿತ್ತಾಳೆ ಪುಡಿ ಕೂತ ಕೀಬೋರ್ಡಿನ ಮುಂದೆ.

ಇಪ್ಪತ್ತು ವರ್ಷದಿಂದ ಲಿನಕ್ಸೇ.
ಬಿಚ್ಚಿ ನೋಡಲಾಗದ್ದನ್ನು
ಮನೆಯೊಳಗೆ ಇಟ್ಟುಕೊಳ್ಳುವವಳಲ್ಲ ನಾನು,
ಬೀಗದವಳ ಕಸುಬಿನ ರೋಗ ಅನ್ನಿ.

ಅಕ್ಕನ ಮಗಳು ಐನೋವಾ ಮೊನ್ನೆ
ತೊಂಬತ್ತು ಗಿಗಾಬೈಟಿನ ಹೊಸ ಆಟ ತಂದಳು.
ಇಳಿಯುವುದಕ್ಕೇ ಎರಡು ರಾತ್ರಿ.
ನಾಯಕನ ಒಂದೊಂದು ಕೂದಲೂ ಬೇರೆ ಬೇರೆ ಹಾರುತ್ತದೆ,
ಗಾಳಿ ಯಾವ ಕಡೆಯದೆಂದು ಹೇಳಬಹುದು.
ಪಾಪ, ಅವನಿಗೆ ಆಡಲು ಮಾತಿಲ್ಲ.
ಬಾಣ ತೋರಿಸಿದಲ್ಲಿ ನಡೆ, ಗುಂಡಿ ಒತ್ತು, ನಡೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ;
ಮಲ್ಲಿಗೆಗೆ ಬೇರೆ ದುಡ್ಡು,
ಅಂಗಡಿ ಆಟದೊಳಗೇ ಇದೆ.

ಇನ್ನೊಂದು, ಐವರು ಸೇರಿ ಆಡುವ ಕಾಳಗ.
ಶುರುವಿಗೆ ಮುಂಚೆ ಕಾವಲುಗಾರ ಬಂದ,
ನನ್ನ ಕಂಪ್ಯೂಟರಿನ ಗರ್ಭಗುಡಿಗೇ ಕಾಲಿಡಬೇಕೆಂದ.
ಲಿನಕ್ಸ್ ಎಂದು ತಿಳಿದದ್ದೇ ಕತ್ತು ಹಿಡಿದು ದಬ್ಬಿದ:
ಮೋಸಗಾರರಿಗೆ ಪ್ರವೇಶವಿಲ್ಲ.
ನಗು ಬಂತು.
ಈ ಊರಿನ ಅರ್ಧ ಬಾಗಿಲು ನನ್ನ ಬೆರಳಿಗೆ ಗೊತ್ತು,
ಬಿಷಪ್ಪರ ಹಿತ್ತಲ ಬಾಗಿಲೂ ಸೇರಿ.
ಇಲ್ಲಿಯತನಕ ಯಾರೂ ಕಳ್ಳಿ ಅಂದಿರಲಿಲ್ಲ.

ಹಾಗಂತ ಹಳೆಯದೆಲ್ಲ ಅಪರಂಜಿಯೇ?
ಮೂರನೇ ಅಂಕದಲ್ಲಿ ಹಗ್ಗ ಎತ್ತಿಕೊಳ್ಳಲು ಮರೆತರೆ
ಒಂಬತ್ತನೆಯದರಲ್ಲಿ ಬಾವಿಯೊಳಗೆ ಬಿದ್ದು ಸಾಯಬೇಕಿತ್ತು.
ಮತ್ತೆ ಮೊದಲಿಂದ.
ಕ್ಯಾಮೆರಾ ಗೋಡೆಯೊಳಗೆ ಹೊಕ್ಕು
ವೀರನ ಕಣ್ಣಗುಡ್ಡೆಯ ಹಿಂಬದಿ ತೋರಿಸುತ್ತಿತ್ತು.
ಯಾರು ಮಾಡಿದ ಸ್ಪ್ಯಾನಿಷ್ಷೋ, ಸಾಯುವ ಡ್ರ್ಯಾಗನ್ ನನಗೆ
"ನಿಮ್ಮ ಚಹಾ ಮರಣಿಸಿದೆ" ಎಂದಿತ್ತು.

ಹೋದ ವರ್ಷದ್ದೇ ಒಂದು ಪುಟ್ಟ ಆಟವಿದೆ, ಇಬ್ಬರು ಮಾಡಿದ್ದು.
ದೋಣಿಕಟ್ಟೆಯಲ್ಲಿ ಕೂತು ಟಿಕೆಟ್ ಹರಿಯುವುದು, ಅಷ್ಟೇ ಕೆಲಸ.
ಮೊದಲ ದಿನವೇ ಲಿನಕ್ಸಿಗೂ ಬಂತು.
ಎರಡು ಸಲ ಅತ್ತಿದ್ದೇನೆ, ಐನೋವಾಗೆ ಹೇಳಿಲ್ಲ.

ಇವತ್ತು ಹಚ್ಚಿದ್ದು "ಉಪ್ಪಿನ ಕೋಟೆ".
ತೊಂಬತ್ತೈದರ ಮಂಗಳವಾರದ ಸಂತೆ,
ಚೆರಿ ಹಣ್ಣಿನವನ ಪಕ್ಕ, ನಾನೂರು ಪೆಸೆಟಾ,
ಏಳು ಫ್ಲಾಪಿ, ಒಂದು ಕೈಪಿಡಿ.
ಸದ್ದು ಬರಲು ನಲವತ್ತು ನಿಮಿಷ ಹೆಣಗಿದೆ.
ನಿಜ ಹೇಳಲೆ,
ಆಟಕ್ಕಿಂತ ಆಟ ಓಡಿಸುವುದೇ ದೊಡ್ಡ ಆಟ.

ಅದೂ ಬಾಗಿಲಲ್ಲೇ ತಡೆಯುತ್ತದೆ:
ಕೈಪಿಡಿಯ ಇಂತಿಷ್ಟನೇ ಪುಟದ ಇಂತಿಷ್ಟನೇ ಪದ ಯಾವುದು?
ಬೀಗವೇ ಸರಿ. ಕೀಲಿ ಮಾತ್ರ ನನ್ನ ಕಪಾಟಿನಲ್ಲಿತ್ತು,
ಕಾಫಿ ಕಲೆಯ ಕಾಗದದಲ್ಲಿ.
ಈಗಿನದರ ಕೀಲಿ ಯಾವ ಊರಿನ ಸರ್ವರಿನಲ್ಲೋ;
ಅವರು ದೀಪ ಆರಿಸಿ ಹೊರಟರೆ ನನ್ನ ಮನೆ ಕತ್ತಲೆ.
ಕೊಟ್ಟವಳು ಕೋಡಂಗಿ, ಇಸ್ಕೊಂಡವನು ಈರಭದ್ರ.

ಕೈಪಿಡಿ ಮನೆ ಬದಲಿಸುವಾಗ ಕಳೆಯಿತು.
ನೆನಪಿರುವುದು ಒಂದೇ: ಪುಟ ಹದಿನಾಲ್ಕು, ಮೂರನೆಯ ಪದ.
ಅದು ಕೇಳಿದ್ದು ಪುಟ ಇಪ್ಪತ್ತೊಂದು.
ಮುಚ್ಚಿ ತೆರೆದೆ. ಪುಟ ಆರು.
ಮುಚ್ಚಿ ತೆರೆದೆ.

ಷಟರಿನಡಿ ನುಸುಳಿ ಬಂದ ಐನೋವಾ
ಆಕಳಿಸುತ್ತ ನೋಡಿದಳು:
"ಒಡೆದಿಟ್ಟ ಪ್ರತಿ ಸಿಗುತ್ತಲ್ಲ, ಚಿಕ್ಕಮ್ಮ?"
ಸಿಗುತ್ತದೆ. ಸುತ್ತಿಗೆಯೂ ಸಿಗುತ್ತದೆ.
ಬೀಗ ಒಡೆಯುವವರಿಗೆ ನಾನು ಕೆಲಸ ಕೊಡುವುದಿಲ್ಲ.
ಪುಟ ಒಂಬತ್ತು. ಪುಟ ಮೂವತ್ತು. ಮತ್ತೆ ಆರು.
ಅವಳು ಸ್ಟೂಲ್ ಎಳೆದುಕೊಂಡಳು.

ಐದು ಗಂಟೆಗೆ ಫೋನು:
ಹೊಳೆಯಾಚೆ ಯಾರದೋ ಕೀಲಿ ಬಾಗಿಲಲ್ಲೇ ಮುರಿದಿದೆ.
ಚೀಲ ಹೆಗಲಿಗೇರಿಸಿ ಬೀದಿಗಿಳಿದಿದ್ದೆ,
ಒಳಗಿಂದ ಕಿರುಚಿದಳು:
"ಹದಿನಾಲ್ಕು ಬಂತು! ಹದಿನಾಲ್ಕು! ಪದ ಏನು?"
"ಉಪ್ಪು!" ಎಂದೆ,
ಮಲಗಿದ್ದ ಬೀದಿಗೆಲ್ಲ ಕೇಳುವ ಹಾಗೆ.
"ದೊಡ್ಡಕ್ಷರವೋ, ಚಿಕ್ಕಕ್ಷರವೋ?"