ಕೇಳಿದರೆ ಮಾತ್ರ

ಐವಿಂದ್ ಅದನ್ನು ತಂದದ್ದು ಜಾರುಬಂಡಿಯಲ್ಲಿ,
ಒಣಹುಲ್ಲಿನಡಿ, ಕುರಿಚರ್ಮ ಸುತ್ತಿ.
ಸೇತುವೆಯ ಬಳಿ ಕಾವಲಿಗಿದ್ದ ಜರ್ಮನ್ ಹುಡುಗ
ಕುದುರೆಯ ಹೆಸರೇನೆಂದು ಕೇಳಿದನಂತೆ.
ಹೇಳಿದೆ, ಬಿಟ್ಟ, ಅಂದ. ಅಷ್ಟೇ.

ಬೂದು ಬಣ್ಣದ ಪೆಟ್ಟಿಗೆ. ಮೂರು ಕಾಲು.
ನೆತ್ತಿಯಲ್ಲಿ ಮೀನಿನ ಮುಳ್ಳಿನಂಥ ಕಡ್ಡಿ.
"ತಾನಾಗಿ ಇದು ಬಾಯಿ ಬಿಡುವುದಿಲ್ಲ, ಗುನ್ವೋರ್.
ಮೇಲಿನಿಂದ ವಿಮಾನ ಕೇಳಬೇಕು,
ಆಗಷ್ಟೇ ಉತ್ತರ."
ಅಪ್ಪನ ಹಾಗೆ, ಅಂದೆ.
ಅವನು ನಗಲಿಲ್ಲ. ಅಪ್ಪ ಆಗ ಗ್ರೀನಿಯ ಸೆರೆಯಲ್ಲಿದ್ದ,
ಅಲ್ಲಿ ಕೇಳುವವರು ಬಹಳ ಮಂದಿ.

ಬ್ಯಾಟರಿಗೆ ಚಳಿ ಆಗದು.
ಅದು ಮರಗಟ್ಟಿದರೆ ಇಡೀ ಇಂಗ್ಲೆಂಡು ಕೂಗಿಕೊಂಡರೂ
ಪೆಟ್ಟಿಗೆ ಬರೀ ಕಲ್ಲು.
ಹಾಗಾಗಿ ನನ್ನ ಹಾಸಿಗೆಗೆ ಬಂತು.
ಹನ್ನೊಂದು ರಾತ್ರಿ ಹೊಟ್ಟೆಗವುಚಿ ಮಲಗಿದೆ,
ಕಾವಿಗೆ ಕೂತ ಕೋಳಿ.
ಆಸಿಡ್ಡು ಉಣ್ಣೆಯಂಗಿಯಲ್ಲಿ ಎರಡು ತೂತು ಮಾಡಿತು,
ತೊಡೆಯ ಮೇಲೆ ಒಂದು ಕಲೆ.
ಮದುವೆಯ ರಾತ್ರಿ ಗಂಡ ಇದೇನು ಅಂದ.
ಯುದ್ಧ, ಅಂದೆ.
ಅವನ ಮೈಮೇಲೂ ಒಂದಿತ್ತು, ಮತ್ತೆ ಕೇಳಲಿಲ್ಲ.

ಹುಣ್ಣಿಮೆಗೆ ಮೂರು ದಿನವಿರುವಾಗ ಲಂಡನ್ ರೇಡಿಯೋ
ಸುದ್ದಿಯ ಬಾಲಕ್ಕೆ ಸೇರಿಸಿತು:
"ಅಜ್ಜಿಯ ಕನ್ನಡಕ ಸಿಕ್ಕಿದೆ."
ನಾವು ಕಾಯುತ್ತಿದ್ದದ್ದು ಆ ಕನ್ನಡಕಕ್ಕೇ.

ಹೆಪ್ಪುಗಟ್ಟಿದ ಸರೋವರದ ನಡುವೆ ನಿಲ್ಲಿಸಿದೆವು.
ಐವಿಂದನ ಕಿವಿಗೆ ಹೆಡ್‌ಫೋನು.
ಬ್ಯಾಟರಿಯ ಮೇಲೆ ನನ್ನ ಕೋಟು, ಕೋಟಿನ ಮೇಲೆ ನಾನು.
ಒಂದೂ ಕಾಲು. ಎರಡು.
ಆಮೇಲೆ ಒಂದು ಬದಿಯದನ್ನು ನನ್ನ ಕಿವಿಗೆ ಹಿಡಿದ.

ಏನು ಹೇಳಲಿ. ದೂರದಲ್ಲಿ ಯಾರೋ
ಒಣ ಬಟಾಣಿಯನ್ನು ಒಂದೊಂದಾಗಿ
ತಗಡಿನ ಮೇಲೆ ಬೀಳಿಸಿದ ಹಾಗೆ.
ಅದು ಪ್ರಶ್ನೆ. ಇದ್ದೀಯಾ, ಇದ್ದೀಯಾ.
ನನ್ನ ಮೈಯ ಬಿಸಿಯಿಂದ ಹೊರಟಿತು ಉತ್ತರ:
ಇದ್ದೇನೆ.
ಯಾರ ಮನೆಯದೋ ಇಂಗ್ಲಿಷ್ ಹುಡುಗ, ಕಾಲಬೆರಳು ಸೆಟೆದು,
ಅಂಗೈಯಗಲ ಹಸಿರು ಗಾಜಿನಲ್ಲಿ ನನ್ನನ್ನು ಕಾಣುತ್ತಿದ್ದ,
ಗೆರೆಯೊಂದರ ಎಡಕ್ಕೋ ಬಲಕ್ಕೋ ಉಬ್ಬಿದ ಚುಕ್ಕೆಯಾಗಿ.

ಪಶ್ಚಿಮದಿಂದ ಮಂಜು ಬಂತು.
ನುಗ್ಗಿ ಬರಲಿಲ್ಲ, ಸಂಜೆ ಹಸು ಕೊಟ್ಟಿಗೆಗೆ ಬರುವ ಹಾಗೆ ಬಂತು.
ನಾವೇ ಹಚ್ಚಿಟ್ಟ ಮೂರು ದೀಪ ನಮಗೇ ಕಾಣಲಿಲ್ಲ.
ವಿಮಾನ ತಲೆಯ ಮೇಲೇ ಇತ್ತು,
ಹಲ್ಲು ನಡುಗುವಷ್ಟು ಹತ್ತಿರ.
ಸುತ್ತಿತು. ಮತ್ತೆ ಸುತ್ತಿತು.
ಇದ್ದೀಯಾ. ಇದ್ದೇನೆ.
ಎಲ್ಲಿ. ಇಲ್ಲೇ.
ಪೆಟ್ಟಿಗೆಗೆ ಬರುತ್ತಿದ್ದ ಮಾತು ಇಷ್ಟೇ.
ಮಂಜಿದೆ, ಮನೆಗೆ ಹೋಗು
ಎನ್ನುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಐವಿಂದ್ ಸ್ವಿಚ್ಚಿನ ಮೇಲೆ ಬೆರಳಿಟ್ಟ.
ಉತ್ತರ ನಿಂತರೆ ಅವರು ತಿರುಗಿ ಹೋಗುತ್ತಾರೆ.
ತಡಿ, ಅಂದೆ.
ಕಾಡಿನಲ್ಲಿ ಹದಿನೇಳು ಜನ, ಬಂದೂಕು ಐದು.
ಇನ್ನೊಂದೇ ಸುತ್ತು, ಅಂದೆ.

ಬಟಾಣಿ ವಿರಳವಾಯಿತು,
ಪೂರ್ವಕ್ಕೆ ಸರಿಯಿತು, ಹೋಗಬಾರದ ಕಡೆಗೆ,
ಬೆಟ್ಟ ಎತ್ತರವಿರುವ ಕಡೆಗೆ.
ಆಮೇಲೆ ತಗಡು ಮಾತ್ರ.

ಬೇರೆ ಸದ್ದು ಕೇಳಲಿಲ್ಲ. ಬರೆದುಕೊಳ್ಳುವುದಾದರೆ
ಹಾಗೇ ಬರೆದುಕೊಳ್ಳಿ, ಕೇಳಲಿಲ್ಲ ಎಂದು.
ಬೆಳಿಗ್ಗೆ ಬ್ಯಾಟರಿ ಇನ್ನೂ ಬೆಚ್ಚಗಿತ್ತು.

ಆಗಸ್ಟಿನಲ್ಲಿ ಊರಿನವರು ಪೂರ್ವದ ಬೆಟ್ಟಕ್ಕೆ
ಹಳದಿ ಹಣ್ಣು ಬಿಡಿಸಲು ಹೋಗುತ್ತಾರೆ,
ಇಳಿಯುವಾಗ ನಮ್ಮ ಬಾಗಿಲಲ್ಲಿ ಕೂತು ನೀರು ಕುಡಿಯುತ್ತಾರೆ.
ಅಲ್ಲಿ ಏನಾದರೂ ಕಂಡಿತೇ ಎಂದು ನಾನು ಕೇಳುವುದಿಲ್ಲ.
ಬುಟ್ಟಿಯೊಳಗೆ ಮಾತ್ರ ಇಣುಕುತ್ತೇನೆ.