ರಾತ್ರಿ ಪಾಳಿ

ಕೋಡಿಬಾಗದ ಈ ಪ್ರಯೋಗಶಾಲೆಯಲ್ಲಿ
ನನ್ನ ಕೆಲಸ ಬಾಗಿಲು ಕಾಯುವುದು,
ಕರೆಂಟು ಹೋದರೆ ಜನರೇಟರಿನ ಹಗ್ಗ ಎಳೆಯುವುದು,
ಟ್ಯಾಂಕಿನ ಗುಳ್ಳೆ ನಿಲ್ಲದಂತೆ ನೋಡುವುದು.
ಹಾಜರಿ ಪುಸ್ತಕದಲ್ಲಿ: ಪುರುಸ ತಾಂಡೇಲ, ಐವತ್ತೆಂಟು.
ನಿಜ ಹೇಳಿದರೆ ಅರವತ್ತೊಂದು.

ಬೈತಖೋಲದ ಧಕ್ಕೆಯಲ್ಲಿ ಮೂವತ್ತು ವರ್ಷ
ಮೀನನ್ನು ನೀರಿನಿಂದ ಹೊರಗೆ ತಂದವನು ನಾನು.
ಬಾಂಗಡೆ ಬುಟ್ಟಿಗೆ, ಇಸೋಣ ಬರ್ಫಿನ ಪೆಟ್ಟಿಗೆಗೆ,
ಬಣ್ಣದ ಸಣ್ಣ ಮೀನು ಬಲೆಯ ಮೂಲೆಗೆ ಸಿಕ್ಕರೆ
ಕಾಗೆಗೆ.
ಅಂಥದ್ದೊಂದನ್ನು ಗಾಳಿ ತುಂಬಿದ ಚೀಲದಲ್ಲಿ
ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು
ನೂತನ ಮೇಡಂ ಮುಂಬಯಿ ರೈಲಿನಿಂದ ಇಳಿದಾಗ
ನಗು ಬಂತು. ತೋರಿಸಲಿಲ್ಲ.

ಬೆರಳುದ್ದ. ಹಸಿರು ಮೈಗೆ ಕುಂಕುಮದ ಗೀರು.
ಕಣ್ಣು ಮಾತ್ರ
ಸಂತೆಯಲ್ಲಿ ಚಿಲ್ಲರೆ ಕಳಕೊಂಡವರ ಕಣ್ಣು.
'ರ‍್ಯಾಸ್' ಅಂದರು ಮೇಡಂ.
ನನ್ನ ನಾಲಿಗೆಯಲ್ಲಿ ಅದು 'ರಾಶಿ' ಆಯಿತು.
ಅಡ್ಡಿಲ್ಲ, ರಾಶಿ ಚೊಲೋ ಹೆಸರು ಅಂದರು.

ಹವಳವೆಂದರೆ ನನಗೆ ಗೊತ್ತಿದ್ದದ್ದು
ಸಾವಂತಿಯ ಕರಿಮಣಿ ನಡುವಿನ ಎರಡು ಕೆಂಪು ಕಾಳು.
ಸೊಸೈಟಿಯವರು ಚಿನ್ನ ತೂಗುವಾಗ
ಇದು ತೂಕಕ್ಕಿಲ್ಲವೆಂದು ಬಿಡಿಸಿ ಕೊಟ್ಟದ್ದು.
ಇಲ್ಲಿ ಅದಕ್ಕೆ ಜೀವವಿದೆ, ನೂರಾರು ಬಾಯಿ ಇವೆ,
ನೇರಳೆ ತಟ್ಟೆಯಾಗಿ ಹರಡಿ
ದೋಸೆಯ ಅಂಚಿನಷ್ಟು ತೆಳ್ಳಗೆ ಬೆಳೆಯುತ್ತದೆ.
ಆ ಅಂಚಿಗೇ ಹುಳ ಬಿತ್ತು.

ಅಕ್ಕಿನುಚ್ಚಿನಷ್ಟು ಬಿಳಿ ಹುಳ, ಬೆನ್ನ ತುಂಬ ಕುಚ್ಚು.
ಅದು ತಿಂದಲ್ಲಿ ಬಣ್ಣ ಹೋಗಿ ಸುಣ್ಣ ಉಳಿಯುತ್ತದೆ.
'ಔಷಧ ಇಲ್ಲವೇ?'
'ಹುಳಕ್ಕೆ ಹಾಕಿದ್ದು ಹವಳಕ್ಕೂ ತಾಗುತ್ತದೆ ಪುರುಸಣ್ಣ.
ಹಸಿದ ಬಾಯಿಯೇ ಬೇಕು.'

ರಾಶಿ ಕೆಲಸಕ್ಕಿಳಿಯಿತು.
ದೀಪ ಹತ್ತಿದ ಕೂಡಲೇ ಮರಳು ಕೊಡವಿಕೊಂಡು ಎದ್ದು
ತಟ್ಟೆಯ ಅಡಿ, ಕಲ್ಲಿನ ಸಂದಿ, ಪಂಪಿನ ಹಿಂದೆ,
ಒಂದು ಕುಟುಕು, ಒಂದು ನೋಟ, ಮತ್ತೆ ಕುಟುಕು.
ಸಾವಂತಿ ಅಕ್ಕಿ ಆರಿಸುವುದು ಹೀಗೇ,
ಬಾಯಿ ಊರೆಲ್ಲ ಸುತ್ತಿದರೂ ಬೆರಳು ತಪ್ಪುವುದಿಲ್ಲ.
ಮೇಡಂ ಬರೆದುಕೊಂಡರು:
ಸೋಮವಾರ ಹನ್ನೊಂದು, ಬುಧವಾರ ಏಳು.

ಆದರೆ ಸಂಜೆ ಆರೂವರೆಗೆ ಸರಿಯಾಗಿ
ಕಚೇರಿಯ ಗುಮಾಸ್ತನ ಹಾಗೆ ಅದು ಮರಳಿಗೆ ಹೋಗುತ್ತದೆ.
ತಲೆ ಮೊದಲು, ಬಾಲದ ಒಂದು ಒದೆತ, ಮಾಯ.
ಆಮೇಲೆ ದೋಣಿ ಮಗುಚಿದರೂ ಏಳದು.

ಹುಳಕ್ಕೆ ಇದು ಗೊತ್ತು.

ರಾತ್ರಿ ಎರಡು ಗಂಟೆ. ಕಾಳಿ ಸೇತುವೆಯ ಮೇಲೆ ಅದಿರಿನ ಲಾರಿ ಹಾದರೆ
ಗಾಜಿನೊಳಗಿನ ನೀರು ಚೂರು ನಡುಗುತ್ತದೆ.
ಬ್ಯಾಟರಿಗೆ ಕೆಂಪು ಕಾಗದ ಕಟ್ಟಿ ಬಗ್ಗಿ ನೋಡಿದೆ.
ತಟ್ಟೆಯ ಅಡಿಯಿಂದ ಬಿಳಿ ನುಚ್ಚು ಒಂದೊಂದಾಗಿ
ಊಟಕ್ಕೆ ಹೊರಟಿದ್ದವು.
ಅಡಿಯಲ್ಲಿ ಮೊಟ್ಟೆಯ ಸುರುಳಿ. ರಾಶಿಗೆ ಅದು ರುಚಿಸದು.

ಚಿಮಟ ಮೇಜಿನ ಮೇಲೇ ಇತ್ತು.
ರಾಂಪಣಿ ಹಗ್ಗ ಎಳೆದ ಕೈ,
ತೋರುಬೆರಳು ಪೂರ್ತಿ ಮಡಚುವುದಿಲ್ಲ.
ಒಮ್ಮೆ ಗುರಿ ತಪ್ಪಿ ಹವಳಕ್ಕೇ ಚುಚ್ಚಿ ಲೋಳೆ ಬಿಟ್ಟಿತು.
ತಪ್ಪಾಯಿತು ಅಂದೆ, ಕೊಂಕಣಿಯಲ್ಲಿ.
ಚಹಾದ ಲೋಟಕ್ಕೆ ಎಣಿಸಿ ಹಾಕಿದೆ.
ಮೊಟ್ಟೆಯನ್ನು ಉಗುರಿನಿಂದ ಕೆರೆದೆ.

ಹೀಗೆ ಇಪ್ಪತ್ತೆರಡು ರಾತ್ರಿ.

ಮೇಡಂ ಪುಸ್ತಕದಲ್ಲಿ: ಗುರುವಾರ ಎರಡು, ಶನಿವಾರ ಸೊನ್ನೆ.
ಸೊನ್ನೆಗೆ ಎರಡು ಸಲ ಗೆರೆ ಎಳೆದರು.
ರಾಶಿಯನ್ನು ಹೊಗಳಿದರು. ನಾನೂ ಹೊಗಳಿದೆ.
ಮೀನು ಏನೂ ಹೇಳಲಿಲ್ಲ.

ನಿನ್ನೆ ಹೇಳಿದರು, ಇದನ್ನು ಬರೆದು ಎಲ್ಲರಿಗೂ ಕಳಿಸುತ್ತೇನೆ,
ಒಂದೇ ಮೀನು ಸಾಕೆಂದು ತಿಳಿಯಲಿ.
ಆಗ ಹೊಟ್ಟೆಯಲ್ಲಿ ಏನೋ ಹೊರಳಿತು.
ಎಲ್ಲೋ ಯಾರೋ ಒಂದೇ ಮೀನು ತಂದು, ನಂಬಿ,
ದೀಪ ಆರಿಸಿ ಮಲಗುತ್ತಾರೆ.

ಧಕ್ಕೆಯಲ್ಲಿ ತಕ್ಕಡಿಯ ಅಡಿಗೆ ಹುಣಸೆ ಅಂಟಿಸಿದವನನ್ನು
ಹಿಡಿದು ಕೊಟ್ಟವನು ನಾನೇ.

ಇವತ್ತು ಲೋಟ ತೊಳೆಯಲಿಲ್ಲ. ಅದರ ಕೆಳಗೊಂದು ಚೀಟಿ:
'ರಾತ್ರಿಯವು ಇನ್ನೂರ ಹದಿನಾಲ್ಕು.
ಮೊಟ್ಟೆ ಎಣಿಸಿಲ್ಲ. ಪು. ತಾಂಡೇಲ.'
ಸೈಕಲ್ಲಿನ ಬೀಗ ತೆಗೆಯುವಾಗ
ಕಿಟಕಿಯಲ್ಲಿ ಟ್ಯಾಂಕಿನ ದೀಪ ಹತ್ತಿತು.
ಮರಳು ಅಲುಗಿತು.
ಒಂದು ನಿಮಿಷ ತಡ, ಇವತ್ತು.